ಮಲೆನಾಡಿನಲ್ಲಿ ಮನೆ ಕಟ್ಟಿಸುವವರು, ರಿಪೇರಿ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಪ್ಲಾನ್ ಯಾರ ಕೈಗೆ ಕೊಡಬೇಕು?

ಮನೆ ಕಟ್ಟಿಸುವ ಯೋಚನೆ ಬಂದವರು ಮೊದಲು ವಿಚಾರಿಸುವುದು ಸಿಮೆಂಟು, ಕಬ್ಬಿಣದ ರೇಟು. ಪ್ಲಾನ್ ಯಾರ ಹತ್ತಿರ ಮಾಡಿಸಬೇಕು ಅನ್ನುವ ಪ್ರಶ್ನೆ ತಡವಾಗಿ ಬರುತ್ತದೆ, ಎಷ್ಟೋ ಸಲ ಪಾಯ ತೆಗೆದ ಮೇಲೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯವರು ಮಾತಿನಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರದೇ ಮಾತಿನಲ್ಲಿವೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮನೆಯನ್ನು ಹಾಳು ಮಾಡುವುದು ನೀರು. ನಿಮ್ಮ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳುವವರನ್ನು ಹುಡುಕಿ. ಡಿಗ್ರಿ, ಫೋಟೋ, ಫೀಸು ಎಲ್ಲ ಆಮೇಲೆ ನೋಡಿದರಾಯಿತು.

## ಮೊದಲ ಹೆಜ್ಜೆ

ಆರ್ಕಿಟೆಕ್ಟ್, ಇಂಜಿನಿಯರ್, ಇಂಟೀರಿಯರ್ ಡಿಸೈನರ್ ಎಲ್ಲರೂ ಪ್ಲಾನ್ ಹಾಕಿಕೊಡ್ತಾರೆ. ವ್ಯತ್ಯಾಸ ಏನು?

ಆರ್ಕಿಟೆಕ್ಟ್ ಐದು ವರ್ಷದ ಬಿ.ಆರ್ಕ್ ಓದಿರುತ್ತಾರೆ. ಜಾಗ, ಗಾಳಿ, ಬೆಳಕು, ಮಳೆ, ಮನೆಯವರ ಓಡಾಟ, ಖರ್ಚು ಇಷ್ಟನ್ನೂ ಒಟ್ಟಿಗೆ ಯೋಚಿಸಿ ಮನೆಯ ರೂಪ ಕೊಡುವುದು ಅವರ ಕೆಲಸ.

ಸಿವಿಲ್ ಇಂಜಿನಿಯರ್ ಓದುವುದು ಕಟ್ಟಡದ ಗಟ್ಟಿತನ, ಮಣ್ಣು, ನೀರು, ರಸ್ತೆ, ಎಸ್ಟಿಮೇಟು ಇವನ್ನೆಲ್ಲ. ಅವರಲ್ಲೇ ಕಾಲಂ, ಬೀಮು, ಕಂಬಿಯ ಲೆಕ್ಕ ಹಾಕುವುದರಲ್ಲಿ ಪಳಗಿದವರು ಸ್ಟ್ರಕ್ಚರಲ್ ಇಂಜಿನಿಯರ್. ನಮ್ಮ ಊರುಗಳಲ್ಲಿ ‘ಇಂಜಿನಿಯರ್ ಹತ್ರ ಪ್ಲಾನ್ ಹಾಕಿಸಿದ್ವಿ’ ಅಂದರೆ ಬಹಳ ಸಲ ಸಿವಿಲ್ ಇಂಜಿನಿಯರೋ ಡಿಪ್ಲೊಮಾ ಮಾಡಿದವರೋ ಇರುತ್ತಾರೆ. ಇವರಲ್ಲಿ ಒಳ್ಳೆಯ ಪ್ಲಾನ್ ಮಾಡುವವರೂ ಇದ್ದಾರೆ. ಆದರೆ ಕಂಬಿ ಲೆಕ್ಕ ಯಾರು ಮಾಡಿದರು ಎಂದು ಬೇರೆಯಾಗಿಯೇ ಕೇಳಬೇಕು. ಪ್ಲಾನ್ ಹಾಕಿದವರೇ ಅದನ್ನೂ ಮಾಡಿರುತ್ತಾರೆ ಅಂದುಕೊಳ್ಳಬೇಡಿ.

ಇಂಟೀರಿಯರ್ ಡಿಸೈನರ್ ಕೆಲಸ ಗೋಡೆಯ ಒಳಗಡೆಯದು. ಅಡುಗೆಮನೆಯ ಕಪಾಟು, ದೀಪ, ಬಣ್ಣ, ಮರಗೆಲಸ. ಗೋಡೆ ಒಡೆಯುವ ಮಾತು ಬಂದರೆ ಅಲ್ಲಿಗೆ ಅವರ ಕೆಲಸ ಮುಗಿದು ಇಂಜಿನಿಯರ್ ಕೆಲಸ ಶುರುವಾಯಿತು.

ನಮ್ಮದು ಬರೀ 30×40 ಸೈಟು. ಇಷ್ಟಕ್ಕೆ ಆರ್ಕಿಟೆಕ್ಟ್ ಬೇಕಾ?

ಕಾನೂನು ಬೇಕೇ ಬೇಕು ಅನ್ನುವುದಿಲ್ಲ. ನನ್ನನ್ನು ಕೇಳಿದರೆ ಜಾಗ ಚಿಕ್ಕದಾದಷ್ಟೂ ಯೋಚನೆ ಜಾಸ್ತಿ ಬೇಕು. ಎರಡು ಎಕರೆಯಲ್ಲಿ ಕಿಟಕಿ ಯಾವ ಕಡೆ ಇಟ್ಟರೂ ಬೆಳಕು ಬರುತ್ತದೆ. ಶಿವಮೊಗ್ಗದ ಹೊಸ ಲೇಔಟಿನ 1,200 ಚದರಡಿಯಲ್ಲಿ ಅಕ್ಕಪಕ್ಕ ಎರಡೂ ಕಡೆ ಮನೆ ಎದ್ದ ಮೇಲೆ ನಡುವಿನ ಕೋಣೆಗೆ ಹಗಲಲ್ಲೂ ಲೈಟು ಹಾಕಬೇಕಾಗುತ್ತದೆ. ಮೆಟ್ಟಿಲನ್ನು ಎಲ್ಲಿ ಇಡುತ್ತೀರಿ ಅನ್ನುವುದೊಂದೇ ಇಡೀ ಮನೆಯನ್ನು ಬದಲಾಯಿಸಿಬಿಡುತ್ತದೆ.

ಪೂರ್ತಿ ಕೆಲಸ ಕೊಡುವಷ್ಟು ದುಡ್ಡಿಲ್ಲದಿದ್ದರೆ ಪ್ಲಾನ್ ಮತ್ತು ಕಿಟಕಿ, ಬಾಗಿಲು, ಮೆಟ್ಟಿಲಿನ ವಿವರ ಮಾತ್ರ ಆರ್ಕಿಟೆಕ್ಟ್ ಹತ್ತಿರ ಮಾಡಿಸಿ. ಕಂಬಿ ಲೆಕ್ಕ ಮತ್ತು ಸೈಟಿನ ಉಸ್ತುವಾರಿಯನ್ನು ಊರಿನ ಇಂಜಿನಿಯರಿಗೆ ಕೊಡಬಹುದು. ಹೀಗೆ ಬಿಡಿಯಾಗಿ ಮಾಡಿಕೊಡಲು ಒಪ್ಪುವವರು ಇದ್ದಾರೆ, ಕೇಳಿ ನೋಡಿ.

ನಮ್ಮ ಮೇಸ್ತ್ರಿಗೆ ಎಷ್ಟೋ ವರ್ಷದ ಅನುಭವ ಇದೆ. ಪ್ಲಾನಿಗೆ ಬೇರೆಯವರು ಯಾಕೆ?

ಒಳ್ಳೆಯ ಮೇಸ್ತ್ರಿ ಸಿಕ್ಕಿದ್ದರೆ ಅದು ನಿಮ್ಮ ಪುಣ್ಯ, ಬಿಡಬೇಡಿ. ಯಾವ ಕ್ವಾರಿಯ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗಟ್ಟಿ, ಯಾವ ತಿಂಗಳು ಗಾರೆ ಬೇಗ ಒಣಗುತ್ತದೆ ಎನ್ನುವುದು ಅವರಿಗೆ ಗೊತ್ತಿರುವಷ್ಟು ಕಾಲೇಜಿನಲ್ಲಿ ಕಲಿತವರಿಗೆ ಗೊತ್ತಿರುವುದಿಲ್ಲ. ಆದರೆ ಅವರು ಹಿಂದೆ ಕಟ್ಟಿದ ಮನೆಯ ಅಳತೆಯನ್ನೇ ನಿಮ್ಮ ಮನೆಗೂ ತರುತ್ತಾರೆ. ಹಳೆಯ ಹೆಂಚಿನ ಮನೆಗೆ ಆ ಅಳತೆ ನಡೆಯುತ್ತಿತ್ತು. ಇಪ್ಪತ್ತು ಅಡಿಯ ಹಾಲು, ಮುಂದಕ್ಕೆ ಚಾಚಿದ ಬಾಲ್ಕನಿ, ಮೇಲೆ ನೀರಿನ ಟ್ಯಾಂಕು ಅಂತ ಹೋದಾಗ ಅಂದಾಜು ಸಾಲುವುದಿಲ್ಲ.

ಪ್ಲಾನ್ ಮಾಡುವವರನ್ನೂ ಮೇಸ್ತ್ರಿಯನ್ನೂ ಮೊದಲೇ ಒಟ್ಟಿಗೆ ಕೂರಿಸಿ. ಮೇಸ್ತ್ರಿಯ ಮಾತಿಗೆ ಕಿವಿ ಕೊಡದ ಆರ್ಕಿಟೆಕ್ಟ್ ನಮ್ಮ ಕಡೆಗೆ ಆಗಿಬರುವುದಿಲ್ಲ.

ಆನ್‌ಲೈನಲ್ಲಿ ಕಡಿಮೆ ದುಡ್ಡಿಗೆ ರೆಡಿ ಪ್ಲಾನ್ ಸಿಗುತ್ತಲ್ಲ, ಸಾಕಲ್ವಾ?

ಯೋಚನೆಗೆ ಸಾಕು, ಕಟ್ಟುವುದಕ್ಕೆ ಸಾಲದು. ಆ ಪ್ಲಾನಿಗೆ ನಿಮ್ಮ ಮಣ್ಣು ಗೊತ್ತಿಲ್ಲ, ಮಳೆಗಾಳಿ ಯಾವ ಕಡೆಯಿಂದ ಬಡಿಯುತ್ತದೆ ಎಂಬುದೂ ಗೊತ್ತಿಲ್ಲ. ಇಷ್ಟವಾದದ್ದನ್ನು ಪ್ರಿಂಟ್ ತೆಗೆದುಕೊಂಡು ಆರ್ಕಿಟೆಕ್ಟ್‌ಗೆ ತೋರಿಸಿ. ಅದರಲ್ಲಿ ಏನು ಇಷ್ಟವಾಯಿತು ಎಂದು ಹೇಳಿದರೆ ಅವರಿಗೂ ಸುಲಭ.

ಯಾವಾಗ ಹುಡುಕೋಕೆ ಶುರು ಮಾಡಬೇಕು?

ಮಳೆಗಾಲಕ್ಕೆ ಮುಂಚೆ. ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ ಪಾಯಕ್ಕೆ ಕೈ ಹಾಕಿ, ಮೇ ಮುಗಿಯುವುದರೊಳಗೆ ಮಾಡು (ಛಾವಣಿ) ಹಾಕಿಬಿಡಬೇಕು. ಎಲ್ಲರೂ ಅಕ್ಟೋಬರಿನಲ್ಲಿ ಇಂಜಿನಿಯರ್ ಮನೆ ಬಾಗಿಲಿಗೆ ಹೋಗಿ ‘ಹದಿನೈದು ದಿನದಲ್ಲಿ ಪ್ಲಾನ್ ಕೊಡಿ’ ಅನ್ನುತ್ತಾರೆ. ಅವಸರದಲ್ಲಿ ಮಾಡಿದ ಪ್ಲಾನಿನಲ್ಲಿ ಆಮೇಲೆ ಬದಲಾಯಿಸಬೇಕಾದ್ದು ಬಹಳ ಇರುತ್ತದೆ.

ಮೇ ತಿಂಗಳಲ್ಲಿ ಜನರನ್ನು ಆರಿಸಿಕೊಳ್ಳಿ. ಜುಲೈನಲ್ಲಿ, ಜೋರು ಮಳೆ ಹೊಡೆಯುತ್ತಿರುವಾಗ ಅವರನ್ನು ಜಾಗಕ್ಕೆ ಕರೆಸಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಪ್ಲಾನ್ ತಿದ್ದಿಸಿ. ಅಕ್ಟೋಬರಿನಲ್ಲಿ ಪರವಾನಗಿ, ಕಂಟ್ರಾಕ್ಟರ್ ರೇಟು. ಮಳೆಯಲ್ಲಿ ಜಾಗ ನೋಡಿದವರಿಗೂ ಫೆಬ್ರವರಿಯಲ್ಲಿ ನೋಡಿದವರಿಗೂ ಬಹಳ ವ್ಯತ್ಯಾಸ ಇದೆ. ಬೇಸಿಗೆಯಲ್ಲಿ ಒಣಗಿದ ತಗ್ಗು ಕಾಣುವ ಕಡೆ ಆಷಾಢದಲ್ಲಿ ಹಳ್ಳ ಹರಿಯುತ್ತಿರುತ್ತದೆ.

## ಹುಡುಕುವುದು, ನೋಡುವುದು

ಅವರು ನಿಜವಾಗಲೂ ಆರ್ಕಿಟೆಕ್ಟ್ ಹೌದೋ ಅಲ್ವೋ ಅಂತ ಹೇಗೆ ಗೊತ್ತಾಗುತ್ತೆ?

ನೋಂದಣಿ ಸಂಖ್ಯೆ ಕೇಳಿ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಸಂಖ್ಯೆ ‘ಸಿಎ’ ಎಂದು ಶುರುವಾಗಿ, ಮುಂದೆ ನೋಂದಣಿ ಆದ ವರ್ಷ, ಆಮೇಲೆ ಕ್ರಮಸಂಖ್ಯೆ ಇರುತ್ತದೆ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಸಿಗುತ್ತದೆ. ನೋಂದಣಿಯನ್ನು ಆಗಾಗ ನವೀಕರಿಸಬೇಕು, ಆದ್ದರಿಂದ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ಈ ನೋಂದಣಿ ಇರುವುದು ವ್ಯಕ್ತಿಗೆ. ಬೋರ್ಡಿನ ಮೇಲೆ ದೊಡ್ಡ ಹೆಸರಿದ್ದರೂ ನಿಮ್ಮ ಕೆಲಸ ನೋಡುವವರು ಯಾರು ಎಂದು ಕೇಳಿ.

2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ವಿಷಯ ಸ್ಪಷ್ಟ ಮಾಡಿತು. ಈ ಕಾಯ್ದೆ ಕಾಪಾಡುವುದು ಆ ಹೆಸರನ್ನು, ಕೆಲಸವನ್ನಲ್ಲ. ಅಂದರೆ ನೋಂದಣಿ ಇಲ್ಲದವರು ಮನೆಯ ಪ್ಲಾನ್ ಮಾಡಿದರೆ ತಪ್ಪಲ್ಲ, ಆರ್ಕಿಟೆಕ್ಟ್ ಎಂದು ಹೇಳಿಕೊಂಡರೆ ತಪ್ಪು. ಹೀಗಿರುವಾಗ ಇಲ್ಲದ ಹೆಸರನ್ನು ಹಾಕಿಕೊಂಡವರ ಹತ್ತಿರ ವ್ಯವಹಾರ ಬೇಡ. ಮೊದಲ ಮಾತೇ ಸುಳ್ಳಾದರೆ ಮುಂದಿನ ಲೆಕ್ಕವನ್ನು ನಂಬುವುದು ಹೇಗೆ?

ಇಂಟೀರಿಯರ್ ಡಿಸೈನರುಗಳಿಗೆ ಇಂಥ ಕಾಯ್ದೆ ಇಲ್ಲ. ಇಂಜಿನಿಯರುಗಳಿಗೂ ಆರ್ಕಿಟೆಕ್ಟ್‌ಗಳ ಹಾಗೆ ದೇಶಕ್ಕೆಲ್ಲ ಒಂದೇ ನೋಂದಣಿ ಕಾಯ್ದೆ ಇಲ್ಲ. ಇವರ ವಿಷಯದಲ್ಲಿ ಓದು, ಸ್ಥಳೀಯ ಸಂಸ್ಥೆಯ ಲೈಸೆನ್ಸು, ಮಾಡಿದ ಕೆಲಸ ಇಷ್ಟೇ ಆಧಾರ.

ಬೆಂಗಳೂರಿನವರಿಗೆ ಕೊಡೋಣ್ವಾ, ಇಲ್ಲಿಯವರಿಗೇ ಕೊಡೋಣ್ವಾ?

ಊರಿಗಿಂತ ಮುಖ್ಯವಾದದ್ದು ಅವರು ಎಷ್ಟು ಸಲ ಬಂದು ನೋಡುತ್ತಾರೆ ಅನ್ನುವುದು. ಜೊತೆಗೆ, ನಮ್ಮ ಜಿಲ್ಲೆಯೊಳಗೇ ಎಷ್ಟು ವ್ಯತ್ಯಾಸ ಇದೆ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಶಿಕಾರಿಪುರದ ಕಡೆ ಚೆನ್ನಾಗಿ ನಿಂತ ಮನೆಯ ಪ್ಲಾನನ್ನು ಹಾಗೇ ತಂದು ಹುಲಿಕಲ್ ಘಾಟಿಯ ಹತ್ತಿರ ಕಟ್ಟಿದರೆ ಮೊದಲ ಮಳೆಗಾಲಕ್ಕೇ ಗೋಡೆ ಹಸಿರಾಗುತ್ತದೆ. ಆದ್ದರಿಂದ ‘ಶಿವಮೊಗ್ಗದವರು’ ಅನ್ನುವುದೊಂದೇ ಸಾಲದು. ನಿಮ್ಮ ತಾಲ್ಲೂಕಿನಷ್ಟೇ ಮಳೆ ಬೀಳುವ ಕಡೆ ಅವರು ಕಟ್ಟಿಸಿದ್ದಾರಾ ಕೇಳಿ.

ದೂರದವರಿಗೇ ಕೊಡುವುದಾದರೆ ಅವರ ಪರವಾಗಿ ವಾರಕ್ಕೊಮ್ಮೆಯಾದರೂ ಸೈಟಿಗೆ ಬರುವ ಸ್ಥಳೀಯ ಇಂಜಿನಿಯರ್ ಯಾರು ಎಂದು ಮೊದಲೇ ಗೊತ್ತಾಗಬೇಕು. ವಾಟ್ಸ್ಯಾಪ್ ಫೋಟೋದಲ್ಲಿ ಸೆಂಟ್ರಿಂಗ್ ಸರಿಯಿದೆಯಾ ಅಂತ ನೋಡಲು ಆಗುವುದಿಲ್ಲ.

ಅವರು ಹಿಂದೆ ಮಾಡಿದ ಮನೆ ನೋಡೋಕೆ ಹೋದಾಗ ಏನು ನೋಡಬೇಕು?

ಹೊಸದಾಗಿ ಗೃಹಪ್ರವೇಶ ಆದ ಮನೆ ನೋಡಿ ಪ್ರಯೋಜನ ಇಲ್ಲ. ಕನಿಷ್ಠ ಮೂರು ಮಳೆಗಾಲ ಕಂಡ ಮನೆಯ ವಿಳಾಸ ಕೇಳಿ. ಆಗುವುದಾದರೆ ಮಳೆ ಬರುತ್ತಿರುವಾಗಲೇ ಹೋಗಿ.

ಹೊರಗೆ ನಿಂತು ಮೊದಲು ಸೂರು ನೋಡಿ. ಗೋಡೆಯಿಂದ ಮೂರು ಅಡಿಯಾದರೂ ಮುಂದೆ ಬಂದಿದೆಯಾ? ಪಶ್ಚಿಮ, ನೈರುತ್ಯದ ಗೋಡೆಗೆ ಎರಚಲು ಹೊಡೆದು ಕಪ್ಪು ಕಲೆ ಬಿದ್ದಿದೆಯಾ? ಎರಡು ಮಾಡು ಸೇರುವ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದ್ದರೆ ಅದನ್ನು ತೆಗೆಯಲು ಹತ್ತುವ ದಾರಿ ಇದೆಯಾ? ಸಮತಟ್ಟು ತಾರಸಿ ಹಾಕಿ ಆಮೇಲೆ ಅದರ ಮೇಲೆ ತಗಡಿನ ಶೀಟು ಹೊದಿಸಿದ್ದರೆ ಯಾಕೆ ಎಂದು ಮನೆಯವರನ್ನು ಕೇಳಿ. ಶೀಟು ಮೊದಲೇ ಪ್ಲಾನಿನಲ್ಲಿ ಇತ್ತಾ, ಸೋರಿದ ಮೇಲೆ ಬಂತಾ ಅನ್ನುವುದರಲ್ಲಿ ಬಹಳ ವಿಷಯ ಇದೆ.

ಒಳಗೆ ಹೋದ ಮೇಲೆ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಲು ಸಂಕೋಚ ಬೇಡ. ಬೂಷ್ಟಿನ ವಾಸನೆ ಬಂದರೆ ಆ ಗೋಡೆ ತೇವ ಎಳೆಯುತ್ತಿದೆ, ಇಲ್ಲವೇ ಗಾಳಿ ಆಡುತ್ತಿಲ್ಲ. ಆಮೇಲೆ ಮನೆಯ ಹೆಂಗಸರನ್ನು ಮಾತಾಡಿಸಿ. ಜುಲೈನಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಬಚ್ಚಲ ಒಲೆಯ ಹೊಗೆ ಎಲ್ಲಿ ಹೋಗುತ್ತೆ? ಸೌದೆ ಎಲ್ಲಿಟ್ಟಿದ್ದೀರಿ? ಅಡಿಕೆ ಬೇಯಿಸುವ ಕಾಲದಲ್ಲಿ ಹತ್ತು ಜನ ಆಳುಗಳು ಬಂದರೆ ಎಲ್ಲಿ ಕೂತು ಊಟ ಮಾಡುತ್ತಾರೆ? ಇವಕ್ಕೆಲ್ಲ ಪ್ಲಾನಿನಲ್ಲೇ ಜಾಗ ಮಾಡಿಕೊಟ್ಟವರು ಮನೆಯವರ ಮಾತು ಕೇಳಿಸಿಕೊಂಡು ಕೆಲಸ ಮಾಡಿದ್ದಾರೆ ಎಂದು ನಂಬಬಹುದು.

ಕೊನೆಗೆ ಮನೆಯವರನ್ನು ಎರಡು ವಿಷಯ ಕೇಳಿ. ಮೊದಲು ಹೇಳಿದ ಖರ್ಚಿಗೂ ಕೊನೆಗೆ ಆದ ಖರ್ಚಿಗೂ ಎಷ್ಟು ವ್ಯತ್ಯಾಸ ಬಂತು? ಏನಾದರೂ ಕೆಟ್ಟಾಗ ಫೋನ್ ಎತ್ತಿದರಾ?

ಮೊದಲ ಸಲ ಮಾತಾಡುವಾಗ ನಾವು ಏನು ಹೇಳಬೇಕು? ಅವರನ್ನ ಏನು ಕೇಳಬೇಕು?

ನಿಮ್ಮ ನಿಜವಾದ ಬಜೆಟ್ ಹೇಳಿ. ಜಾಸ್ತಿ ಹೇಳಿದರೆ ಎಲ್ಲ ಖರ್ಚು ಮಾಡಿಸಿಬಿಡುತ್ತಾರೆ ಎಂದು ಹೆದರಿ ಕಡಿಮೆ ಹೇಳುವವರೇ ಜಾಸ್ತಿ. ಅದರಿಂದ ತಪ್ಪು ಪ್ಲಾನ್ ಬರುತ್ತದೆ, ಅಷ್ಟೇ. ಮನೆಯಲ್ಲಿ ಯಾರ್ಯಾರು ಇರುತ್ತಾರೆ, ಅಮ್ಮನಿಗೆ ಮಂಡಿನೋವು ಇದೆಯಾ, ಮಕ್ಕಳು ಹೊರಗಡೆಯಿಂದ ವರ್ಷಕ್ಕೆ ಎಷ್ಟು ದಿನ ಬರುತ್ತಾರೆ, ಹಬ್ಬಕ್ಕೆ ಎಷ್ಟು ಜನ ಸೇರುತ್ತೀರಿ, ಎಲ್ಲ ಹೇಳಿ. ಗಂಡ ಹೆಂಡತಿ ಇಬ್ಬರೂ ಹೋಗಿ. ಅಡುಗೆಮನೆಯಲ್ಲಿ ನಿಲ್ಲುವವರು ಇಲ್ಲದೆ ಅಡುಗೆಮನೆ ತೀರ್ಮಾನ ಆಗಬಾರದು.

ಅವರಿಗೆ ಕೇಳಬೇಕಾದ್ದು: ಕಂಬಿ ಲೆಕ್ಕ ಯಾರು ಮಾಡುತ್ತಾರೆ? ಸೈಟಿಗೆ ಎಷ್ಟು ಸಲ ಬರುತ್ತೀರಿ? ನಮ್ಮ ಬಜೆಟ್‌ಗೆ ಇಷ್ಟು ಚದರ ಆಗುವುದಿಲ್ಲ ಅಂತ ಅನ್ನಿಸಿದರೆ ಈಗಲೇ ಹೇಳುತ್ತೀರಾ? ಮೊದಲ ಭೇಟಿಯಲ್ಲೇ ಎಲ್ಲಕ್ಕೂ ‘ಮಾಡೋಣ’ ಅನ್ನುವವರಿಗಿಂತ ಒಂದೆರಡಕ್ಕೆ ‘ಇದು ಬೇಡ’ ಎಂದು ಕಾರಣ ಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ವಾಸ್ತು ನೋಡೋರನ್ನ ಯಾವಾಗ ಕರೆಸಬೇಕು?

ನಂಬುವುದಾದರೆ ಪ್ಲಾನಿನ ಮೊದಲ ಗೆರೆ ಎಳೆಯುವ ಮುಂಚೆ. ಆಯ, ಬಾಗಿಲಿನ ದಿಕ್ಕು, ದೇವರ ಮನೆ, ಒಲೆ ಎಲ್ಲಿರಬೇಕು ಎಂದು ಒಂದು ಹಾಳೆಯಲ್ಲಿ ಬರೆಸಿ ಆರ್ಕಿಟೆಕ್ಟ್ ಕೈಗೆ ಕೊಟ್ಟುಬಿಡಿ. ಒಬ್ಬರನ್ನೇ ಕೇಳಿ. ಪಾಯ ಆದ ಮೇಲೆ ಮಾವನ ಕಡೆಯ ಇನ್ನೊಬ್ಬರು ಬಂದು ಬಚ್ಚಲು ಆಚೆಗೆ ಹೋಗಲಿ ಅಂದರೆ ದುಡ್ಡೂ ಹೋಗುತ್ತದೆ, ನೀರಿನ ಇಳಿಜಾರೂ ಕೆಡುತ್ತದೆ.

## ದುಡ್ಡು, ಕಾಗದ

ಫೀಸು ಎಷ್ಟಾಗುತ್ತೆ? ಪರ್ಸೆಂಟ್ ಲೆಕ್ಕ ಒಳ್ಳೇದಾ, ಚದರಡಿ ಲೆಕ್ಕ ಒಳ್ಳೇದಾ?

ಮೂರು ರೀತಿ ಇದೆ. ಕಟ್ಟಡದ ಖರ್ಚಿನ ಮೇಲೆ ಪರ್ಸೆಂಟ್, ಚದರಡಿಗೆ ಇಷ್ಟು, ಇಲ್ಲವೇ ಒಟ್ಟು ಇಷ್ಟು. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: 20 ಚದರದ ಮನೆ (ಒಂದು ಚದರ ಅಂದರೆ 100 ಚದರಡಿ), ಚದರಡಿಗೆ 2,500 ರೂಪಾಯಿ ಅಂದರೆ 50 ಲಕ್ಷ. ಶೇಕಡಾ 5 ಅಂದರೆ ಎರಡೂವರೆ ಲಕ್ಷ. ಚದರಡಿಗೆ 50 ರೂಪಾಯಿ ಅಂದರೆ ಒಂದು ಲಕ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ಎರಡನೆಯದು ಅಗ್ಗ ಎಂದು ತೀರ್ಮಾನ ಮಾಡಬೇಡಿ. ಒಂದರಲ್ಲಿ ಮುಗಿಯುವವರೆಗಿನ ಡ್ರಾಯಿಂಗು, ಸೈಟ್ ಭೇಟಿ, ಬಿಲ್ ಪರಿಶೀಲನೆ ಎಲ್ಲ ಇರಬಹುದು. ಇನ್ನೊಂದರಲ್ಲಿ ನಾಲ್ಕು ಹಾಳೆ ಅಷ್ಟೇ ಇರಬಹುದು.

ಪರ್ಸೆಂಟ್ ಲೆಕ್ಕದಲ್ಲಿ ಜನರ ಅನುಮಾನ ಒಂದೇ, ಖರ್ಚು ಏರಿದರೆ ಅವರ ಫೀಸೂ ಏರುತ್ತದಲ್ಲ ಎಂದು. ಅದಕ್ಕೆ ದಾರಿ ಇದೆ. ಮೊದಲು ಒಪ್ಪಿದ ಎಸ್ಟಿಮೇಟಿನ ಮೇಲೆ ಪರ್ಸೆಂಟ್ ಹಾಕಿ, ಆ ಮೊತ್ತವನ್ನು ಅಲ್ಲಿಗೇ ನಿಲ್ಲಿಸಿ. ನೀವಾಗಿ ಕೋಣೆ ಸೇರಿಸಿದರೆ ಮಾತ್ರ ಏರಲಿ.

ಜಿಎಸ್‌ಟಿ ನೋಂದಣಿ ಇರುವವರು ಫೀಸಿನ ಮೇಲೆ ಶೇಕಡಾ 18 ಸೇರಿಸುತ್ತಾರೆ. ಹೇಳಿದ ಮೊತ್ತದಲ್ಲಿ ಅದು ಸೇರಿದೆಯಾ ಎಂದು ಮೊದಲೇ ಕೇಳಿ. ಕಂಬಿ ಲೆಕ್ಕದ ಫೀಸು ಒಳಗಾ ಹೊರಗಾ ಎಂದೂ ಕೇಳಿ.

ಪರಿಚಯದವರೇ. ಅಗ್ರಿಮೆಂಟ್ ಬರೆಸಿಕೊಳ್ಳೋಕೆ ಮುಜುಗರ.

ಪರಿಚಯ ಉಳಿಯಬೇಕು ಅಂತಿದ್ದರೆ ಬರೆಸಿಕೊಳ್ಳಿ. ಎರಡು ಪುಟ ಸಾಕು, ಕನ್ನಡದಲ್ಲೇ ಇರಲಿ. ಯಾವ ಯಾವ ಡ್ರಾಯಿಂಗ್ ಕೊಡುತ್ತಾರೆ ಎಂದು ಹೆಸರು ಹಿಡಿದು ಬರೆಯಬೇಕು: ಪಾಯ, ಕಾಲಂ, ಬೀಮು, ಸ್ಲ್ಯಾಬಿನ ಕಂಬಿ, ಕಿಟಕಿ ಬಾಗಿಲಿನ ಅಳತೆ, ಕರೆಂಟು, ನೀರಿನ ಪೈಪು, ಮಳೆನೀರು ಹೊರಹೋಗುವ ದಾರಿ. ಕೊನೆಯದನ್ನು ಬಿಟ್ಟುಬಿಡುವವರೇ ಜಾಸ್ತಿ. ನಮ್ಮ ಕಡೆ ಅದಿಲ್ಲದ ಡ್ರಾಯಿಂಗ್ ಪೂರ್ತಿಯಲ್ಲ.

ಪ್ಲಾನನ್ನು ಎಷ್ಟು ಸಲ ತಿದ್ದಿಕೊಡುತ್ತಾರೆ, ಯಾವ ಹಂತದಲ್ಲಿ ಎಷ್ಟು ದುಡ್ಡು, ನಡುವೆ ನಿಲ್ಲಿಸಿದರೆ ಎಷ್ಟು ಕೊಡಬೇಕು, ಇವೂ ಇರಲಿ. ಮುಂಗಡವಾಗಿ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಮತ್ತೆ, ಡ್ರಾಯಿಂಗಿನ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಅದನ್ನು ಮಾಡಿದವರದ್ದೇ. ನಿಮ್ಮ ಮನೆಗೆ ಮಾಡಿದ್ದನ್ನು ತಮ್ಮನ ಮನೆಗೂ ಬಳಸಬೇಕು ಅಂತಿದ್ದರೆ ಅವರನ್ನು ಕೇಳಿಯೇ ಬಳಸಬೇಕು.

ಕಂಟ್ರಾಕ್ಟರೇ ಪ್ಲಾನ್ ಫ್ರೀ ಅಂತಿದ್ದಾರೆ. ಒಪ್ಪಿಕೊಳ್ಳೋಣ್ವಾ?

ಫ್ರೀ ಅಲ್ಲ, ಅದರ ದುಡ್ಡು ಚದರಡಿ ರೇಟಿನಲ್ಲೇ ಸೇರಿರುತ್ತದೆ. ಅದು ದೊಡ್ಡ ವಿಷಯ ಅಲ್ಲ. ಪ್ಲಾನ್ ಮಾಡುವವರೂ ಕಟ್ಟುವವರೂ ಒಬ್ಬರೇ ಆದರೆ ಕೆಲಸ ಸರಿಯಾಗಿದೆಯಾ ಎಂದು ನಿಮ್ಮ ಪರವಾಗಿ ನೋಡುವವರು ಯಾರೂ ಇರುವುದಿಲ್ಲ. ನನಗೆ ಯೋಚನೆಯಾಗುವುದು ಅದು. ಸ್ಲ್ಯಾಬಿಗೆ ಕಂಬಿ ಕಟ್ಟಿದ ಮೇಲೆ, ಮೋಲ್ಡ್ ಹಾಕುವ ಮುಂಚೆ ಒಬ್ಬರು ಬಂದು ಎಣಿಸಬೇಕು. ಕಾಂಕ್ರೀಟ್ ಬಿದ್ದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಹಾಗೇ ಹೋಗುವುದಾದರೂ ಪಾಯ, ಕಾಲಂ, ಸ್ಲ್ಯಾಬ್ ಈ ಮೂರು ಹಂತಕ್ಕೆ ಹೊರಗಿನ ಇಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ಕರೆಸಿ.

ಇದೇ ಕಾರಣಕ್ಕೆ ಪ್ಲೈವುಡ್, ಟೈಲ್ಸ್ ಅಂಗಡಿಯವರು ಕಳಿಸಿದ ಡಿಸೈನರ್ ಬಗ್ಗೆಯೂ ಎಚ್ಚರ ಇರಲಿ. ಆರ್ಕಿಟೆಕ್ಟ್‌ಗಳ ನಡತೆಗೆ 1989ರ ನಿಯಮಗಳಿವೆ. ಕೆಲಸ ತಂದುಕೊಟ್ಟಿದ್ದಕ್ಕೆ ಕಮಿಷನ್ ಕೊಡುವುದು, ತೆಗೆದುಕೊಳ್ಳುವುದು ಎರಡಕ್ಕೂ ಅವುಗಳಲ್ಲಿ ಅವಕಾಶ ಇಲ್ಲ. ಬೇರೆಯವರನ್ನು ನೇರವಾಗಿ ಕೇಳಿಬಿಡಿ: ಈ ಅಂಗಡಿಯಿಂದ ನಿಮಗೆ ಏನಾದರೂ ಸಿಗುತ್ತಾ?

ಪಂಚಾಯ್ತಿ, ಪಾಲಿಕೆ ಲೈಸೆನ್ಸ್ ಅವರೇ ಮಾಡಿಸಿಕೊಡ್ತಾರಾ?

ನಕ್ಷೆ ಮಾಡಿ, ಸಹಿ ಹಾಕಿ ಕೊಡುವುದು ಅವರ ಕೆಲಸ. ಜಾಗದ ಕಾಗದ ಸರಿಮಾಡುವುದು ನಿಮ್ಮದು. ಶಿವಮೊಗ್ಗ ಪೇಟೆಯಲ್ಲಿ ಮಹಾನಗರ ಪಾಲಿಕೆ, ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ. ಪೇಟೆಗಳಲ್ಲಿ ಅಲ್ಲಿನ ಸಂಸ್ಥೆಯ ಲೈಸೆನ್ಸ್ ಇರುವವರ ಸಹಿ ಬೇಕಾಗುತ್ತದೆ, ಆದ್ದರಿಂದ ದೂರದವರನ್ನು ಇಟ್ಟುಕೊಂಡಿದ್ದರೆ ಸಹಿ ಯಾರದ್ದು ಎಂದು ಕೇಳಿ. ಹಳ್ಳಿಯಲ್ಲಿ ಇ-ಸ್ವತ್ತಿನ (ಪಂಚಾಯ್ತಿಯ ಆಸ್ತಿ ದಾಖಲೆ) ನಮೂನೆ 9 ಮತ್ತು 11, ಜಮೀನು ಕೃಷಿಯದಾಗಿದ್ದರೆ ಭೂಪರಿವರ್ತನೆ, ಅರಣ್ಯದ ಗಡಿ ಹತ್ತಿರ ಇದ್ದರೆ ಸರ್ವೆ, ಇವು ಮೊದಲು. ಒಳ್ಳೆಯ ಆರ್ಕಿಟೆಕ್ಟ್ ಪೆನ್ಸಿಲ್ ಹಿಡಿಯುವ ಮುಂಚೆ ಈ ಕಾಗದ ತೋರಿಸಿ ಅನ್ನುತ್ತಾರೆ.

ಪ್ಲಾನ್ ಪಾಸಾಯಿತು ಅಂದರೆ ಮನೆ ಗಟ್ಟಿ ಎಂದು ಅರ್ಥ ಅಲ್ಲ. ಅಲ್ಲಿ ಹೆಚ್ಚಾಗಿ ನೋಡುವುದು ಸುತ್ತ ಬಿಟ್ಟ ಜಾಗ, ಎತ್ತರ, ವಿಸ್ತೀರ್ಣ.

## ಮಲೆನಾಡಿನ ಕಷ್ಟದ ಕೆಲಸಗಳು

ಜೆಸಿಬಿ ತರಿಸಿ ಗುಡ್ಡ ಕಡಿದು ಸಮ ಮಾಡಿ, ಆಮೇಲೆ ಆರ್ಕಿಟೆಕ್ಟ್ ಕರೆಸೋಣ ಅಂತಿದ್ದೀವಿ.

ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಜನ ಬರಲಿ, ಜೆಸಿಬಿ ಆಮೇಲೆ ಬರಲಿ.

ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ ಇದ್ದು, ಕೆಳಗೆ ಶೇಡಿ ಮಣ್ಣು ಇರುವ ಕಡೆ ಬಹಳ. ಒಣಗಿದ್ದಾಗ ಈ ಶೇಡಿ ಮಣ್ಣು ಕಲ್ಲಿನ ಹಾಗೆ ನಿಂತಿರುತ್ತದೆ. ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಜನವರಿಯಲ್ಲಿ ನೇರವಾಗಿ ಕಡಿದ ಹದಿನೈದು ಅಡಿ ಧರೆ ಜುಲೈನಲ್ಲಿ ಅಡುಗೆಮನೆಯ ಮೇಲೆ ಬರುವುದು ಹೀಗೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಏನಾಯಿತು ಎಂದು ನಾವೆಲ್ಲ ನೋಡಿದ್ದೇವೆ.

ಇಂಥ ಜಾಗಕ್ಕೆ ಬೇಕಾದವರು ಇಬ್ಬರು. ಮಣ್ಣಿನ ಪರೀಕ್ಷೆ ಮಾಡಿಸಿ ಓದಬಲ್ಲ ಇಂಜಿನಿಯರ್, ಇಳಿಜಾರನ್ನು ಇದ್ದ ಹಾಗೆ ಬಳಸಿಕೊಂಡು ಮನೆ ಕೂರಿಸಬಲ್ಲ ಆರ್ಕಿಟೆಕ್ಟ್. ಜಗುಲಿ ಒಂದು ಮಟ್ಟ, ನಡುಮನೆ ಎರಡು ಮೆಟ್ಟಿಲು ಮೇಲೆ, ಹೀಗೆ ಮಾಡಿದರೆ ಕಡಿಯುವ ಮಣ್ಣು ಎಷ್ಟೋ ಕಡಿಮೆ ಆಗುತ್ತದೆ. ಕಡಿಯಲೇಬೇಕಾದರೆ ಧರೆಯ ನೆತ್ತಿಯಲ್ಲಿ ಬಸಿಗಾಲುವೆ, ತಡೆಗೋಡೆಯಲ್ಲಿ ನೀರು ಹೊರಬರುವ ತೂತು, ಗೋಡೆಗೂ ಧರೆಗೂ ನಡುವೆ ಅಂತರ. ಈ ಮೂರನ್ನು ಡ್ರಾಯಿಂಗಿನಲ್ಲಿ ತೋರಿಸದವರ ಕೈಗೆ ಗುಡ್ಡದ ಸೈಟು ಕೊಡಬೇಡಿ.

ಅಜ್ಜನ ಕಾಲದ ತೊಟ್ಟಿಮನೆ. ಕೆಡವೋದಾ, ರಿಪೇರಿ ಮಾಡಿಸೋದಾ? ಯಾರನ್ನ ಕೇಳಬೇಕು?

ಕೆಡವಿ ಕಟ್ಟುವುದರಿಂದ ಲಾಭ ಆಗುವವರನ್ನು ಮೊದಲು ಕೇಳಬೇಡಿ. ಹಳೆಯ ಕಟ್ಟಡಗಳನ್ನು ಉಳಿಸುವುದನ್ನೇ ಓದಿದ ಆರ್ಕಿಟೆಕ್ಟ್‌ಗಳಿದ್ದಾರೆ, ಕನ್ಸರ್ವೇಶನ್ ಆರ್ಕಿಟೆಕ್ಟ್ ಅನ್ನುತ್ತಾರೆ. ಪಾರಂಪರಿಕ ಕಟ್ಟಡಗಳಿಗಾಗಿ 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆಯ ಮೂಲಕವೂ ವಿಚಾರಿಸಬಹುದು. ಇಂಥವರಿಗೆ ಪೂರ್ತಿ ಕೆಲಸ ಕೊಡುವ ಮುಂಚೆ ಒಂದೇ ಕೆಲಸ ಕೊಡಿ: ಮನೆಯ ಅಳತೆ ತೆಗೆದು, ಎಲ್ಲಿ ಏನು ಕೆಟ್ಟಿದೆ ಎಂದು ಬರೆದುಕೊಡುವುದು. ಅದಕ್ಕೆ ಬೇರೆ ಫೀಸು ಕೊಡಿ. ಆ ಕಾಗದ ಕೈಗೆ ಬಂದ ಮೇಲೆ ಅಣ್ಣತಮ್ಮಂದಿರು ಕೂತು ತೀರ್ಮಾನ ಮಾಡುವುದು ಸುಲಭ.

ನೋಡಲು ಹಾಳಾದ ಮನೆಯಲ್ಲೂ ನಿಜವಾಗಿ ಕೆಟ್ಟಿರುವುದು ಕೆಲವೇ ಕಡೆ. ಗೋಡೆಯ ಮೇಲೆ ಕೂರುವ ತೊಲೆಯ ತುದಿ, ತೊಟ್ಟಿಯ ದೋಣಿಯ ಕೆಳಗಿನ ಪಕಾಸು, ಒರಲೆ ಹತ್ತಿದ ಬಾಗಿಲುವಾಡ, ಹಿಂದಿನ ಧರೆಯಿಂದ ತೇವ ಎಳೆದ ಗೋಡೆಯ ಬುಡ. ತುದಿ ಕೆಟ್ಟ ತೊಲೆಗೆ ಹೊಸ ಮರ ಬೆಸೆಯಬಹುದು, ಪೂರ್ತಿ ತೊಲೆ ಬದಲಾಯಿಸಬೇಕಿಲ್ಲ. ಇದಕ್ಕೆ ಹಳೆಯ ಕೀಲು ಗೊತ್ತಿರುವ ಆಚಾರಿ ಬೇಕು. ಕೆತ್ತನೆ ಇದ್ದರೆ ಸಾಗರ, ಸೊರಬದ ಗುಡಿಗಾರರ ಕೈ ಇಂದಿಗೂ ಇದೆ. ಹೊಸ ಮರ ಬೇಕಾದರೆ, ತೋಟದ ಮರವೇ ಆದರೂ, ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಸರಿಯಾದವರನ್ನು ಗುರುತಿಸಲು ಎರಡು ಪ್ರಶ್ನೆ ಸಾಕು. ಮೊದಲನೆಯದು, ಮಣ್ಣಿನ ಗೋಡೆಗೆ ಏನು ಪ್ಲಾಸ್ಟರ್ ಮಾಡುತ್ತೀರಿ? ಸಿಮೆಂಟ್ ಅಂದರೆ ಅಲ್ಲಿಗೇ ನಿಲ್ಲಿಸಿ. ಮಣ್ಣಿನ ಗೋಡೆ ಕುಡಿದ ತೇವವನ್ನು ಹೊರಗೆ ಬಿಡಬೇಕು. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ, ಕೆಲವು ವರ್ಷದಲ್ಲಿ ಪದರ ಪದರವಾಗಿ ಕಳಚುತ್ತದೆ. ಸುಣ್ಣದ ಗಾರೆ ಅನ್ನುವವರಿಗೆ ಕೆಲಸ ಗೊತ್ತು. ಎರಡನೆಯದು, ಹೆಂಚು ತೆಗೆದು ಸ್ಲ್ಯಾಬ್ ಹಾಕೋಣ್ವಾ? ಐದು ಇಂಚಿನ ಸ್ಲ್ಯಾಬ್ ಒಂದು ಚದರ ಮೀಟರಿಗೆ 300 ಕಿಲೋಗಿಂತ ಜಾಸ್ತಿ ತೂಗುತ್ತದೆ. ಹೆಂಚು, ಮರ ಸೇರಿದ ಮಾಡು ಅದರ ಸುಮಾರು ಕಾಲು ಭಾಗ. ಆ ಗೋಡೆಗಳನ್ನು ಕಟ್ಟಿದ್ದು ಆ ಹಗುರ ಮಾಡಿಗೆ.

ಸರಿಯಾಗಿ ಉಳಿಸಿಕೊಂಡ ತೊಟ್ಟಿಮನೆ ಹೇಗಿರುತ್ತದೆ ಎಂದು ಮನೆಯವರಿಗೆಲ್ಲ ತೋರಿಸಬೇಕಾದರೆ ಕುಪ್ಪಳಿಯ ಕವಿಮನೆಗೆ ಕರೆದುಕೊಂಡು ಹೋಗಿ. ಅದರ ಮೆತ್ತಿನ ಮೇಲೆ ನಿಂತು ಒಳಗಿನ ಬೆಳಕು ನೋಡಿದ ಮೇಲೆ ಕೆಡವುವ ಮಾತು ಅಷ್ಟು ಬೇಗ ಬರುವುದಿಲ್ಲ. ಬಚ್ಚಲು, ಕಕ್ಕಸು, ಅಡುಗೆಮನೆಯನ್ನು ಹಿಂದೆ ಹೊಸದಾಗಿ ಸೇರಿಸಿ, ಹಳೆಯ ಭಾಗವನ್ನು ಹಾಗೇ ಇಟ್ಟುಕೊಳ್ಳುವ ದಾರಿ ಹೆಚ್ಚಿನ ಮನೆಗಳಿಗೆ ಇದೆ.

ಈಗಿರೋ ತಾರಸಿ ಮನೆ ಮೇಲೆ ಹೋಂಸ್ಟೇಗೆ ಇನ್ನೊಂದು ಅಂತಸ್ತು ಎತ್ತಬೇಕು. ಮೊದಲು ಯಾರು?

ಸ್ಟ್ರಕ್ಚರಲ್ ಇಂಜಿನಿಯರ್. ಹಳೆಯ ಕಂಬಿ ಡ್ರಾಯಿಂಗ್ ಇದ್ದರೆ ಕೊಡಿ. ಇಲ್ಲದಿದ್ದರೆ ಪಾಯದ ಪಕ್ಕ ಅಗೆದು ಆಳ ನೋಡಬೇಕು, ಕಾಂಕ್ರೀಟಿನ ಬಲವನ್ನು ಪರೀಕ್ಷೆ ಮಾಡಬೇಕು. ಕಣ್ಣಲ್ಲಿ ನೋಡಿ ‘ತಡೀತದೆ’ ಅಂದರೆ ಒಪ್ಪಬೇಡಿ. ಅವರು ಲಿಖಿತವಾಗಿ ಒಪ್ಪಿದ ಮೇಲೆ ಆರ್ಕಿಟೆಕ್ಟ್. ಬಹಳ ಕಡೆ ಕಾಂಕ್ರೀಟ್ ಅಂತಸ್ತಿನ ಬದಲು ಹಗುರವಾದ ಕಬ್ಬಿಣದ ಚೌಕಟ್ಟು, ಹೆಂಚಿನ ಮಾಡು ಸಾಕಾಗುತ್ತದೆ. ಸೋರುವ ತಾರಸಿಗೂ ಅದೇ ಪರಿಹಾರ ಆಗುತ್ತದೆ.

ಜಂಬಿಟ್ಟಿಗೆ, ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಸಬೇಕು ಅಂತ ಆಸೆ. ಕೇಳಿದ ಇಂಜಿನಿಯರೆಲ್ಲ ಬೇಡ ಅಂತಾರೆ.

ಅವರಿಗೆ ಅದರ ಅಭ್ಯಾಸ ಇಲ್ಲದಿರಬಹುದು. ಒತ್ತಾಯ ಮಾಡಿ ಅವರಿಂದಲೇ ಮಾಡಿಸಬೇಡಿ, ಅಭ್ಯಾಸ ಇರುವವರನ್ನು ಹುಡುಕಿ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಇಟ್ಟಿಗೆ ಹೊಸ ಪ್ರಯೋಗ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಅದರ ಮೇಲೆ ಬಹಳ ಕೆಲಸ ಮಾಡಿದೆ. ಇಂಥದ್ದರಲ್ಲಿ ಪಳಗಿದ ಆರ್ಕಿಟೆಕ್ಟ್‌ಗಳು ರಾಜ್ಯದಲ್ಲಿ ಸಾಕಷ್ಟಿದ್ದಾರೆ. ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲೂ ವಿಚಾರಿಸಿ.

ಅವರನ್ನು ಪರೀಕ್ಷೆ ಮಾಡುವ ಪ್ರಶ್ನೆ ಸೂರು ಮತ್ತು ಬುಡದ್ದು. ನೆಲದಿಂದ ಎರಡು ಅಡಿವರೆಗೆ ಕಲ್ಲು ಕಟ್ಟಿ, ಮೇಲೆ ಸೂರು ಉದ್ದ ಬಿಟ್ಟರೆ ನಡುವಿನ ಮಣ್ಣಿನ ಗೋಡೆ ನಮ್ಮ ಮಳೆಗೂ ನಿಲ್ಲುತ್ತದೆ. ಜಂಬಿಟ್ಟಿಗೆಯೂ ನೀರು ಕುಡಿಯುವ ಕಲ್ಲೇ. ಫೋಟೋದಲ್ಲಿ ಚಂದ ಕಾಣುವ ಬೋಳು ಜಂಬಿಟ್ಟಿಗೆ ಗೋಡೆಗೆ ಸೂರು ಚಿಕ್ಕದಿದ್ದರೆ ಎರಡೇ ವರ್ಷದಲ್ಲಿ ಪಾಚಿ. ಹೆಂಚಿನ ಮಾಡಿನ ಇಳಿಜಾರನ್ನೂ ಕೇಳಿ. ಸುಮಾರು 30 ಡಿಗ್ರಿಗಿಂತ ಕಡಿಮೆಯಾದರೆ ಗಾಳಿಮಳೆ ನೀರನ್ನು ಹೆಂಚಿನ ಸಂದಿಯೊಳಗೆ ತಳ್ಳುತ್ತದೆ.

ಅರ್ಧಕ್ಕೆ ಬಂದಾಗ ಆರ್ಕಿಟೆಕ್ಟ್ ಬದಲಾಯಿಸಬಹುದಾ? ಮೋಸ ಆದರೆ ದೂರು ಎಲ್ಲಿ ಕೊಡೋದು?

ಬದಲಾಯಿಸಬಹುದು. ಅಲ್ಲಿಯವರೆಗೆ ಆದ ಕೆಲಸದ ಫೀಸು ಕೊಟ್ಟು, ಲೆಕ್ಕ ಮುಗಿಯಿತು ಎಂದು ಬರೆಸಿಕೊಳ್ಳಿ. ಹೊಸದಾಗಿ ಬರುವ ಆರ್ಕಿಟೆಕ್ಟ್ ಹಳಬರಿಗೆ ತಿಳಿಸದೆ ಕೆಲಸ ಹಿಡಿಯುವುದು ಅವರ ನಿಯಮಕ್ಕೆ ವಿರುದ್ಧ, ಆದ್ದರಿಂದ ಮುಚ್ಚಿಡಬೇಡಿ. ಕಂಬಿ ಡ್ರಾಯಿಂಗ್ ನಿಮ್ಮ ಕೈಗೆ ಬಂದಿದೆಯಾ ಎಂದು ಮೊದಲು ನೋಡಿಕೊಳ್ಳಿ. ಅದಿಲ್ಲದೆ ಯಾವ ಹೊಸಬರೂ ಧೈರ್ಯವಾಗಿ ಮುಂದುವರಿಸಲಾರರು.

ನೋಂದಾಯಿತ ಆರ್ಕಿಟೆಕ್ಟ್ ನಡತೆಯ ಬಗ್ಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೆ ದೂರು ಕೊಡಬಹುದು. ದುಡ್ಡು ವಾಪಸ್, ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ ಇಂಜಿನಿಯರ್, ಇಂಟೀರಿಯರ್ ಡಿಸೈನರ್, ಕಂಟ್ರಾಕ್ಟರ್ ಎಲ್ಲರ ಮೇಲೂ ಹೋಗಬಹುದು. ತೊಂದರೆ ಆದ ಎರಡು ವರ್ಷದೊಳಗೆ ದೂರು ಹಾಕಬೇಕು. ಅಗ್ರಿಮೆಂಟು, ದುಡ್ಡು ಕೊಟ್ಟ ರಸೀದಿ, ಸೈಟಿನ ಫೋಟೋ ತಾರೀಖಿನ ಸಮೇತ ಇಟ್ಟುಕೊಳ್ಳಿ. ಸೋರಿಕೆಯ ದೂರಾದರೆ ಮಳೆ ಬರುತ್ತಿರುವಾಗಲೇ ವಿಡಿಯೋ ಮಾಡಿ, ಆಗಲೇ ಬೇರೊಬ್ಬ ಇಂಜಿನಿಯರನ್ನು ಕರೆಸಿ ವರದಿ ಬರೆಸಿ. ಡಿಸೆಂಬರಿಗೆ ಗೋಡೆ ಒಣಗಿಬಿಟ್ಟಿರುತ್ತದೆ.